ನಮ್ಮ ಒಲೆಯ ಹೊಗೆಯನ್ನು ಮಂಜೆಂದು ಬರೆದವರಿಗೆ

ಜಿಲ್ಲೆಯ ಊರು, ಕಾಡು, ಗುಡ್ಡಗಳ ಭೌಗೋಳಿಕ ವಿವರಣೆ ತಯಾರಿಸುವ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಸುರಪುರ ತಾಲ್ಲೂಕಿನಲ್ಲಿ ಒಂದು ಮಳೆಕಾಡು ಇದೆಯೆಂದು ನಿಮ್ಮಿಂದ ತಿಳಿದು ಸಂತೋಷವಾಯಿತು. ಅದರ ನಟ್ಟನಡುವೆ ನನ್ನ ಮನೆ ಇದೆಯೆಂದು ನಿಮಗೆ ತಿಳಿಸಬೇಕಾಗಿ ಬಂದದ್ದಕ್ಕೆ ಅಷ್ಟೇ ಸಂಕಟವೂ ಆಗುತ್ತಿದೆ. ನಿಮ್ಮ ಕಚೇರಿ ಹೊರಡಿಸಿರುವ ಜಿಲ್ಲಾ ಭೌಗೋಳಿಕ ವಿವರಣೆಯಲ್ಲಿ ಕಕ್ಕೇರಾ ಸಮೀಪದ ಗವಿದೊಡ್ಡಿ ಎಂಬ ನಮ್ಮ ಊರನ್ನು ‘ಜನವಸತಿಯಿಲ್ಲದ, ಪರ್ವತಮಯ ಮಳೆಕಾಡು ಪ್ರದೇಶ’ ಎಂದು ಬರೆದಿದ್ದೀರಿ. ಅದನ್ನೇ ಆಧಾರವಾಗಿಟ್ಟುಕೊಂಡು, ನಮ್ಮೂರಿಗೂ ಹೊರಗಿನ ರಸ್ತೆಗೂ ನಡುವೆ ಹರಿಯುವ ಕಾಲುವೆಯ ಮೇಲೆ ಮಂಜೂರಾಗಿದ್ದ ಸೇತುವೆಯನ್ನು ರದ್ದು ಮಾಡಿದ್ದಾರೆ. ಕಾರಣ ಒಂದೇ ಸಾಲಿನದು: ದಾಟುವವರು ಯಾರೂ ಇಲ್ಲ. ದಾಟಬೇಕಾದವರಲ್ಲಿ ಒಬ್ಬಳಾದ ನಾನು ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ ಅರ್ಜಿಗಳೆಲ್ಲ ಆ ಕಾಡಿನಲ್ಲೇ ದಾರಿ ತಪ್ಪಿರಬೇಕು, ಒಂದಕ್ಕೂ ಉತ್ತರ ಬರಲಿಲ್ಲ. ಆದ್ದರಿಂದ ನಾಲ್ಕು ಜನ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಕಕ್ಕೇರಾದ ಒಂದು ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸುತ್ತೇನೆ. ಹುಟ್ಟಿದ್ದು ಗವಿದೊಡ್ಡಿಯಲ್ಲಿ. ಮದುವೆಯಾದ ಮೇಲೂ ಗಂಡನನ್ನೇ ಅಲ್ಲಿಗೆ ಕರೆತಂದೆ, ಹಾಗಾಗಿ ಇರುವುದೂ ಅಲ್ಲಿಯೇ. ಸಮಭಾಜಕ ವೃತ್ತದ ಆಸುಪಾಸಿನ ದೇಶಗಳ ಮಳೆಕಾಡುಗಳನ್ನು ಎಷ್ಟೋ ವರ್ಷಗಳಿಂದ ಕಪ್ಪು ಹಲಗೆಯ ಮೇಲೆ ಹಸಿರು ಸೀಮೆಸುಣ್ಣದಲ್ಲಿ ಬಿಡಿಸುತ್ತ ಬಂದವಳು ನಾನು. ಅಲ್ಲಿ ವರ್ಷವಿಡೀ ಮಳೆ, ನೆಲಕ್ಕೆ ಬಿಸಿಲೇ ಬೀಳದಷ್ಟು ಮರ ಎಂದು ಹೇಳುವಾಗ ನಮ್ಮ ಮಕ್ಕಳು ದೇವಲೋಕದ ಕತೆ ಕೇಳುವವರ ಹಾಗೆ ಬಾಯಿ ತೆರೆದು ಕೂರುತ್ತಾರೆ. ಇಂಥ ತರಗತಿಗೆ ನಿಮ್ಮ ವಿವರಣೆಯ ಒಂದು ಪ್ರತಿ ‘ನಮ್ಮ ಜಿಲ್ಲೆಯನ್ನು ಅರಿಯೋಣ’ ಎಂಬ ಚಟುವಟಿಕೆಗಾಗಿ ಬಂತು. ನಾನು ಉತ್ಸಾಹದಿಂದಲೇ ಗಟ್ಟಿಯಾಗಿ ಓದಿದೆ. ನಮ್ಮ ತಾಲ್ಲೂಕಿನಲ್ಲೇ ಒಂದು ಮಳೆಕಾಡು ಇದೆಯಂತೆ, ಯಾರು ನೋಡಿದ್ದೀರಿ ಎಂದು ಕೇಳಿದೆ. ಹಿಂದಿನ ಬೆಂಚಿನಿಂದ ಒಂದು ದನಿ ಬಂತು: “ಟೀಚರ್, ನಮ್ಮ ಕಡಿ ಮಳೀನೇ ಇಲ್ಲ, ಮಳಿ ಕಾಡು ಎಲ್ಲಿಂದ ಬಂತ್ರಿ?” ತರಗತಿ ನಕ್ಕಿತು, ನಾನೂ ನಕ್ಕೆ. ಆಮೇಲೆ ಕಾಡಿನ ಎಲ್ಲೆಗಳನ್ನು ಓದಿದೆ. ಪೂರ್ವಕ್ಕೆ ಕಾಲುವೆ, ಪಶ್ಚಿಮಕ್ಕೆ ಗವಿಗುಡ್ಡ, ಉತ್ತರಕ್ಕೆ ಹಳೆಯ ಕಲ್ಲು ಕ್ವಾರಿ. ಮಾನ್ಯರೇ, ಆ ಮೂರು ಎಲ್ಲೆಗಳ ನಡುವೆ ನಾನು ಅಂದು ಬೆಳಿಗ್ಗೆ ಒಣಹಾಕಿ ಬಂದ ಬಟ್ಟೆಗಳಿದ್ದವು.

ನಗು ಅಲ್ಲಿಗೆ ನಿಂತಿತು. ಆದರೂ ನಾನು ಶಿಕ್ಷಕಿ. ಉತ್ತರ ತಪ್ಪಾಗಿದ್ದರೂ ವಿದ್ಯಾರ್ಥಿ ಅದನ್ನು ಹೇಗೆ ಬರೆದ ಎಂದು ನೋಡುವುದು ನನ್ನ ಅಭ್ಯಾಸ. ನಿಮ್ಮ ವಿವರಣೆಯನ್ನು ಮನೆಗೆ ಒಯ್ದು, ಜಗುಲಿಯ ಮೇಲೆ ಕುಳಿತು, ನನ್ನ ದೊಡ್ಡವ್ವ ತಿಮ್ಮವ್ವನಿಗೆ ಒಂದೊಂದೇ ಸಾಲು ಓದಿ ಹೇಳಿದೆ. ತಿಮ್ಮವ್ವ ಎಂದರೆ ನನ್ನ ತಂದೆಯ ಅಣ್ಣ ಅಂಬ್ರಪ್ಪನ ಹೆಂಡತಿ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು. ಪೂರಾ ಕೇಳಿಸಿಕೊಂಡು ಆಕೆ ಎಲೆ ಅಡಿಕೆ ಉಗುಳಿ ಬಂದು ಹೇಳಿದಳು: “ಇವರು ನಮ್ಮೂರಿಗಿ ಬಂದಾರ ಖರೆ. ಆದ್ರ ಹೊರಬೀಡಿನ ದಿನ ಬಂದಾರ.”

ಹೊರಬೀಡು ಎಂದರೇನೆಂದು ನಿಮಗೆ ಗೊತ್ತಿಲ್ಲದಿರಬಹುದು. ಗೊತ್ತಿದ್ದರೆ ಈ ಪತ್ರವೇ ಬೇಕಾಗುತ್ತಿರಲಿಲ್ಲ. ನಮ್ಮಲ್ಲಿ ಆಷಾಢದ ಒಂದು ಮಂಗಳವಾರ ಊರಿಗೆ ಊರೇ ಮನೆ ಬಿಟ್ಟು ಹೊರಗೆ ಹೋಗುತ್ತದೆ. ಆ ದಿನ ಊರಮ್ಮ ಒಬ್ಬಳೇ ಬೀದಿಬೀದಿ ತಿರುಗಿ ಊರಿನ ರೋಗರುಜಿನ ಗುಡಿಸಿಕೊಂಡು ಹೋಗುತ್ತಾಳೆ, ಆಕೆಯ ಕಣ್ಣಿಗೆ ಯಾರೂ ಬೀಳಬಾರದು ಎಂಬುದು ನಂಬಿಕೆ. ಹೊತ್ತು ಹುಟ್ಟುವ ಮೊದಲೇ ಒಲೆಯ ಕೆಂಡ ನಂದಿಸಿ, ಅಂಗಳ ಗುಡಿಸಿ, ಬಾಗಿಲಿಗೆ ಬೇವಿನ ಟೊಂಗೆ ಸಿಕ್ಕಿಸುತ್ತೇವೆ. ದನ, ಆಡು, ಬುಟ್ಟಿಯಲ್ಲಿ ಮುಚ್ಚಿದ ಕೋಳಿ, ನಾಯಿ, ಹಾಸಿಗೆ ಹಿಡಿದ ಮುದುಕರು, ತೊಟ್ಟಿಲ ಕೂಸು, ಒಂದೂ ಬಿಡದೆ ಹೊತ್ತುಕೊಂಡು ಹೊರಡುತ್ತೇವೆ. ಊರಬಾಗಿಲಾದ ಅಗಸಿಗೆ ಜಾಲಿಮುಳ್ಳು ಎಳೆಯುತ್ತೇವೆ. ಹೊರಗೆ ಒಲೆ ಹೂಡಿ, ಹೋಳಿಗೆ ಮಾಡಿ, ಉಂಡು, ಹೊತ್ತು ಮುಳುಗಿದ ಮೇಲೆ ಹಿರಿಯರ ಅಪ್ಪಣೆಯಾದಾಗ ಹಿಂತಿರುಗುತ್ತೇವೆ. ಅಪ್ಪಣೆಯಾಗುವ ತನಕ ಒಬ್ಬರೂ ಊರಿನತ್ತ ಕಾಲಿಡುವಂತಿಲ್ಲ. ಈಗ ಆ ಅಪ್ಪಣೆ ಕೊಡುವವರು ನಮ್ಮ ಊರಮ್ಮನ ಪೂಜೆ ಮಾಡುವ ಮರಿಲಿಂಗಪ್ಪ.

ಕ್ಷೇತ್ರ ಭೇಟಿಯ ದಿನವನ್ನು ನಿಮ್ಮವರು ವಿವರಣೆಯ ಕೊನೆಯಲ್ಲಿ ಹೆಮ್ಮೆಯಿಂದ ಅಚ್ಚು ಹಾಕಿದ್ದಾರೆ. ಗೋಡೆಯ ಹಳೆಯ ಕ್ಯಾಲೆಂಡರಿನಲ್ಲಿ ನೋಡಿದೆ. ದೊಡ್ಡವ್ವ ಹೇಳಿದ್ದು ಸರಿ, ಅದು ಆ ವರ್ಷದ ಹೊರಬೀಡಿನ ಮಂಗಳವಾರವೇ. ವರ್ಷದಲ್ಲಿ ಒಂದು ದಿನ ಮಾತ್ರ ನಮ್ಮೂರಲ್ಲಿ ಯಾರೂ ಇರುವುದಿಲ್ಲ. ಸರ್ಕಾರ ಆ ಒಂದು ದಿನ ನೋಡಿಕೊಂಡು ಬಂದಿದೆ! ನಾವು ವರ್ಷವಿಡೀ ಕಾದರೂ ಬಾರದವರು, ನಾವು ಹೊರಗೆ ಹೋದ ಹೊತ್ತಿಗೆ ಸರಿಯಾಗಿ ಬಂದು ಹೋಗುವುದಕ್ಕೂ ಒಂದು ವಿಶೇಷ ತರಬೇತಿ ಇರುತ್ತದೆಯೇ?

ಇನ್ನು ನಿಮ್ಮ ವಿವರಣೆಗೆ ಬರೋಣ. ‘ಇಲ್ಲಿನ ಶಿಖರಗಳು ಮಂಜಿನಿಂದ ಆವೃತವಾಗಿರುತ್ತವೆ’ ಎಂದಿದ್ದೀರಿ. ಮೊದಲು ಶಿಖರದ ಮಾತು. ಗವಿಗುಡ್ಡವನ್ನು ಪರ್ವತ ಎಂದರೆ ಅದಕ್ಕೇ ನಾಚಿಕೆಯಾದೀತು. ದೊಡ್ಡವ್ವ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಬುಡದಿಂದ ಹೊರಟರೆ, ರಸ ಆರುವುದರೊಳಗೆ ತುದಿಯಲ್ಲಿ ನಿಂತು ಆಡು ಎಣಿಸುತ್ತಾಳೆ. ಶಹಾಪುರದ ಮಲಗಿದ ಬುದ್ಧನ ಗುಡ್ಡ ನೋಡಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅದನ್ನೇ ನಾವು ಗುಡ್ಡ ಅನ್ನುತ್ತೇವೆ. ಅದರ ಮುಂದೆ ನಮ್ಮದು ಬುದ್ಧ ಕಳೆದಿಟ್ಟ ಚಪ್ಪಲಿಯಷ್ಟು. ಇನ್ನು ಮಂಜು. ಮೊದಲೆಲ್ಲ ಹೊರಬೀಡಿಗೆ ನಾವು ಕಕ್ಕೇರಾ ರಸ್ತೆಯ ಹುಣಸೆ ಬನಕ್ಕೆ ಹೋಗುತ್ತಿದ್ದೆವು. ಕಾಲುವೆ ಬಂದು ನಡುವೆ ಮಲಗಿದ ಮೇಲೆ, ನಾವು ಆಚೆ ಇರುವಾಗ ಮೇಲಿನಿಂದ ನೀರು ಬಿಟ್ಟುಬಿಟ್ಟರೆ ತಿರುಗಿ ಬರುವುದು ಹೇಗೆಂಬ ಹೆದರಿಕೆಯಿಂದ ಗುಡ್ಡದ ಮೇಲಿನ ಹಾಸುಬಂಡೆಗೆ ಹೋಗತೊಡಗಿದೆವು. ಹಸಿ ಕಟ್ಟಿಗೆ, ಆಷಾಢದ ಗಾಳಿ, ಮನೆಗೊಂದು ಒಲೆ. ನಿಮ್ಮವರು ಕೆಳಗೆ ನಿಂತು ಕಂಡ ಮಂಜು ನಮ್ಮ ಹೋಳಿಗೆಯ ಹೊಗೆ. ಆ ಮಂಜಿಗೆ ಬೆಲ್ಲದ ವಾಸನೆ ಇತ್ತೇ ಎಂದು ಅವರನ್ನೊಮ್ಮೆ ಕೇಳಿ ನೋಡಿ.

‘ಪ್ರದೇಶದಲ್ಲಿ ಪುರಾತನ ಮಾನವ ವಸತಿಯ ಅವಶೇಷಗಳು ಕಂಡುಬರುತ್ತವೆ, ಕಲ್ಲು ಚಪ್ಪಡಿಯ ತಗ್ಗು ಗೋಡೆಗಳು, ಮುಳ್ಳು ಮುಚ್ಚಿದ ದ್ವಾರ, ನಿವಾಸಿಗಳು ಬಹುಕಾಲದ ಹಿಂದೆಯೇ ಸ್ಥಳ ತೊರೆದಿರುವುದು ಸ್ಪಷ್ಟ.’ ಇದನ್ನು ಓದಿ ಮರಿಲಿಂಗಪ್ಪ ಕಾಕಾ ಮೂರು ದಿನ ಉಣ್ಣಲಿಲ್ಲ. ಕೋಪಕ್ಕಲ್ಲ, ನಗೆ ತಡೆಯಲಾಗದೆ. ಆ ಅವಶೇಷಗಳಲ್ಲಿ ಒಂದಕ್ಕೆ ಆತ ನಿಮ್ಮವರು ಬರುವ ಹಿಂದಿನ ವಾರವಷ್ಟೇ ಸುಣ್ಣ ಬಳಿದಿದ್ದ. ಬಹುಕಾಲದ ಹಿಂದೆ ತೊರೆದವರು ನಾವು ನಿಜ, ಅಂದು ಬೆಳಿಗ್ಗೆ ನಸುಕಿನಲ್ಲಿ ತೊರೆದಿದ್ದೆವು. ಅಂಗಳದಲ್ಲಿ ಹಾಕಿದ್ದ ರಂಗೋಲಿಯನ್ನು ನಿಮ್ಮ ಅಧಿಕಾರಿ ಶಿಲಾಯುಗದ ಚಿತ್ರವೆಂದು ಬರೆಯದೆ ಬಿಟ್ಟದ್ದು ದೊಡ್ಡ ಉಪಕಾರ.

‘ಈ ಪ್ರದೇಶವನ್ನು ಹೊರಜಗತ್ತಿನಿಂದ ನೇರವಾದ ಆಳದ ಕಣಿವೆಯೊಂದು ಪ್ರತ್ಯೇಕಿಸುತ್ತದೆ.’ ಆಷಾಢದಲ್ಲಿ ಇನ್ನೂ ನೀರು ಬಿಡುವ ಗೇಟು ಎತ್ತಿರುವುದಿಲ್ಲ, ಕಾಲುವೆ ಬತ್ತಿರುತ್ತದೆ. ನಿಮ್ಮವರು ಒಣಗಿದ ಕಾಲುವೆಗೆ ಇಳಿದು ಹತ್ತಿ ಬಂದಿದ್ದಾರೆ. ಆ ಕಣಿವೆಯ ಎರಡೂ ಬದಿಗೆ ಸಿಮೆಂಟು ಹಾಕಿದ ಪ್ರಕೃತಿ ಯಾವುದು? ಅವರ ಬೂಟು ಒದ್ದೆಯಾಗದ ಕಾರಣ ಸೇತುವೆ ಬೇಡವೆಂದಾಯಿತು. ಎರಡು ತಿಂಗಳು ತಡೆದು ಬಂದಿದ್ದರೆ ನಮ್ಮ ಹಾಗೆ ಕಾಲುವೆಗೆ ಅಡ್ಡ ಬಿದ್ದಿರುವ ಪೈಪಿನ ಮೇಲೆ ದಾಟಬೇಕಾಗುತ್ತಿತ್ತು. ಆಗ ಅವರ ಬರವಣಿಗೆಯೂ ಬೇರೆಯಾಗುತ್ತಿತ್ತು ಎಂಬುದು ನನ್ನ ದೃಢ ನಂಬಿಕೆ.

ಮಳೆಕಾಡಿನ ಮಾತನ್ನೂ ಮುಗಿಸಿಬಿಡುತ್ತೇನೆ, ಅದು ನನ್ನ ಪಾಠದ ವಿಷಯ. ನಿಮ್ಮವರು ಹಸಿರು ಕಂಡದ್ದು ಸುಳ್ಳಲ್ಲ. ಗುಡ್ಡದ ಬುಡದಲ್ಲಿ ಆಳೆತ್ತರದ ಆಪಿನ ಹುಲ್ಲು, ಅದರೊಳಗೆ ಕಪ್ಪೆ, ಹಂದಿ, ಸೊಳ್ಳೆ, ಸುತ್ತ ಕೈ ತೂರಿಸಲಾಗದಷ್ಟು ಜಾಲಿ ಇದೆ. ಆದರೆ ಅದು ಮೋಡದಿಂದ ಬಿದ್ದ ನೀರಲ್ಲ. ಕಾಲುವೆಯ ಕಟ್ಟೆ ನಮ್ಮ ಬದಿಗೆ ಸೋರುತ್ತದೆ. ಸೋರಿ ಸೋರಿ ನಮ್ಮ ಒಳ್ಳೆಯ ಜೋಳದ ಹೊಲಗಳು ಸವಳಾಗಿ, ಜೌಗಾಗಿ, ಆಪಿನ ಪಾಲಾದವು. ಕೆಳಗಿನ ಊರುಗಳವರು ಕಾಲುವೆ ತುದಿಗೆ ನೀರು ಮುಟ್ಟಲಿಲ್ಲ ಎಂದು ಧರಣಿ ಕೂರುತ್ತಾರೆ. ಅವರ ನೀರು ಎಲ್ಲಿ ಹೋಯಿತು ಎಂದು ಹುಡುಕುತ್ತಿದ್ದರೆ ಹೇಳಿ, ನಮ್ಮ ಮಳೆಕಾಡಿನಲ್ಲಿದೆ. ಪುಸ್ತಕದಲ್ಲಿ ಮಳೆಕಾಡು ಆಗಲು ಲಕ್ಷಾಂತರ ವರ್ಷ ಬೇಕು ಎಂದಿದೆ. ಗುತ್ತಿಗೆದಾರ ಮನಸ್ಸು ಮಾಡಿದರೆ ಕೆಲವೇ ಮಳೆಗಾಲ ಸಾಕು ಎಂದು ಮುಂದಿನ ಮುದ್ರಣದಲ್ಲಿ ಸೇರಿಸಬಹುದು.

ಅಂದು ನಿಮ್ಮ ಅಧಿಕಾರಿ ಮುಳ್ಳು ಸರಿಸಿ ಒಳಗೆ ಬಂದು ನಮ್ಮ ಅಗಸಿಯ ಕಲ್ಲಿನ ಮೇಲೆ ಕೆಂಪು ಬಣ್ಣದಲ್ಲಿ ಒಂದು ವೃತ್ತ, ಅದರೊಳಗೆ ಒಂದು ಅಡ್ಡಗೆರೆ ಎಳೆದು ಹೋಗಿದ್ದರು. ಅದರ ಅರ್ಥ ‘ಜನವಸತಿ ಇಲ್ಲ’ ಎಂದು ಈಗ ತಿಳಿದಿದೆ. ಅಂದು ತಿಳಿದಿರಲಿಲ್ಲ. ಹೊತ್ತು ಮುಳುಗಿದ ಮೇಲೆ ನಾವೆಲ್ಲ ತಿರುಗಿ ಬಂದಾಗ ಮುಳ್ಳು ಸರಿದಿತ್ತು, ಧೂಳಿನಲ್ಲಿ ಹೆಜ್ಜೆಗಳಿದ್ದವು, ಕಲ್ಲಿನ ಮೇಲೆ ಕೆಂಪು ಗುರುತು ಹಸಿಹಸಿಯಾಗಿ ಹೊಳೆಯುತ್ತಿತ್ತು. ಮರಿಲಿಂಗಪ್ಪ ಕಾಕಾನ ಕಣ್ಣಲ್ಲಿ ನೀರು ಬಂತು.

“ತಾಯಿ ಬಂದು ಹೋಗ್ಯಾಳ. ಇಷ್ಟು ವರ್ಷದಾಗ ಮೊದಲನೇ ಸಲ ಗುರ್ತಾ ಬಿಟ್ಟು ಹೋಗ್ಯಾಳ. ಎಲ್ಲಾರೂ ಕೈ ಮುಗೀರಿ” ಎಂದ.

ದೊಡ್ಡವ್ವ ಬಗ್ಗಿ ಹೆಜ್ಜೆ ನೋಡಿದಳು. “ಮರಿಲಿಂಗಪ್ಪಾ, ತಾಯಿ ಬೂಟು ಹಾಕ್ಕೊಂಡು ಬಂದಿದ್ಳೇನೋ?”

ಕಾಕಾ ಸರಿದ ಮುಳ್ಳಿನತ್ತ ಕೈ ತೋರಿಸಿದ. “ಕಾಲ ಬದಲಾಗೇದವ್ವ. ಇಷ್ಟು ಜಾಲಿ ಮುಳ್ಳಿನ್ಯಾಗ ಬರಿಗಾಲಿಲೆ ಆಕೀನರ ಯಾಕ ಬರ್ತಾಳ?”

ಎಲ್ಲರೂ ಕೈ ಮುಗಿದೆವು. ಅಂದಿನಿಂದ ಆ ಗುರುತಿಗೆ ಪ್ರತಿ ಮಂಗಳವಾರ ಎಣ್ಣೆ, ಕುಂಕುಮ, ಅಮಾವಾಸ್ಯೆಗೆ ಕಾಯಿ. ಮಳೆಗೆ ಬಣ್ಣ ಮಾಸಬಾರದೆಂದು ಊರವರು ಮೇಲೊಂದು ತಗಡಿನ ಚಪ್ಪರವನ್ನೂ ಹಾಕಿದ್ದಾರೆ. ನಿಮ್ಮ ಇಲಾಖೆಯ ಇತಿಹಾಸದಲ್ಲಿ ಇಷ್ಟು ಭಕ್ತಿಯಿಂದ ಕಾಪಾಡಿದ ಸರ್ವೆ ಗುರುತು ಇನ್ನೊಂದಿರಲಾರದು. ನೀವು ಇಲ್ಲವೆಂದು ಬರೆದ ಜನ, ತಾವು ಇಲ್ಲವೆಂದು ಬರೆದ ಬರಹಕ್ಕೇ ದೀಪ ಹಚ್ಚುತ್ತಿದ್ದಾರೆ. ಇದಕ್ಕಿಂತ ವಿಧೇಯ ಪ್ರಜೆಗಳು ನಿಮಗೆ ಎಲ್ಲಿ ಸಿಕ್ಕಾರು? ಅರ್ಥ ತಿಳಿದ ಮೇಲೂ ಮರಿಲಿಂಗಪ್ಪ ಕಾಕಾ ಅದನ್ನು ಅಳಿಸಲು ಬಿಟ್ಟಿಲ್ಲ. “ಬರದಾಂವ ಯಾರರ ಇರಲಿ, ಕೈ ಮುಗಿದದ್ದು ನಾವು. ನಾವು ಮುಗಿದದ್ದು ಸುಳ್ಳಾಗಬಾರದು” ಅನ್ನುತ್ತಾನೆ. ಈ ಮಾತಿಗೆ ನಿಮ್ಮಲ್ಲಿ ಉತ್ತರವಿದ್ದರೆ ತಿಳಿಸಿ.

ಸೇತುವೆ ರದ್ದಾದ ಸುದ್ದಿ ಬಂದಾಗ ನಾನು ರಜೆ ಹಾಕಿ ಯಾದಗಿರಿಗೆ ಬಂದೆ. ನಿಮ್ಮ ಕಚೇರಿಯ ಗುಮಾಸ್ತರೊಬ್ಬರು ಚಹ ತರಿಸಿ ಕೊಟ್ಟರು. ಒಳ್ಳೆಯ ಮನುಷ್ಯ, ಅವರ ಮೇಲೆ ನನಗೆ ಸಿಟ್ಟಿಲ್ಲ.

“ಮೇಡಂ, ನೀವು ಹೇಳೋದು ಖರೆ ಇರಬಹುದ್ರಿ. ಆದ್ರ ಕಂಪ್ಯೂಟರ್‌ನಾಗ ನಿಮ್ಮೂರು ಕಾಡು ಅಂತ ಅದ. ಕಾಡಿಗಿ ಬ್ರಿಜ್ ಯಾರು ಕಟ್ತಾರ್ರಿ?”

“ಅಣ್ಣಾರ, ನಾ ಅಲ್ಲೇ ಇರ್ತೀನ್ರಿ. ನಿಮ್ಮ ಮುಂದ ನಿಂತೀನಲ್ರಿ!”

“ನೀವು ಈಗ ನಿಂತದ್ದು ಯಾದಗಿರಿಯಾಗ್ರಿ. ಅಲ್ಲಿ ಇರ್ತೀರಿ ಅನ್ನಾಕ ಪುರಾವೆ ಏನದ?”

ನಾನು ಮತದಾರರ ಚೀಟಿ, ಪಡಿತರ ಚೀಟಿ, ಮನೆ ತೆರಿಗೆಯ ರಸೀದಿ ಎಲ್ಲ ಮೇಜಿನ ಮೇಲೆ ಇಟ್ಟೆ. ಅವರು ಒಂದೊಂದನ್ನೂ ಗೌರವದಿಂದ ನೋಡಿ ಹಿಂತಿರುಗಿಸಿದರು. “ಇವೆಲ್ಲಾ ಬ್ಯಾರೆ ಇಲಾಖೇವ್ರಿ ಮೇಡಂ. ಅವರ ಲೆಕ್ಕದಾಗ ನೀವು ಇದ್ದೀರಿ. ನಮ್ಮ ಲೆಕ್ಕದಾಗ ಇಲ್ಲ.” ಆಮೇಲೆ ದನಿ ತಗ್ಗಿಸಿ, ಕಳಕಳಿಯಿಂದಲೇ ಸೇರಿಸಿದರು: “ಇನ್ನೊಮ್ಮಿ ಸರ್ವೆ ಆದ್ರ ಸರಿ ಹೋಗ್ತದ್ರಿ. ಅದಕ್ಕ ಅಲ್ಲಿ ಇರೋ ಜನ ಅರ್ಜಿ ಕೊಡಬೇಕು. ಜನ ಇಲ್ಲದ ಊರಿಂದ ಅರ್ಜಿ ತಗೊಳ್ಳಾಕ ಬರಂಗಿಲ್ಲ.”

ಅಲ್ಲಿಂದ ಹೊರಗೆ ಬಂದು ಬಸ್ ನಿಲ್ದಾಣದವರೆಗೂ ನಗುತ್ತ ನಡೆದೆ. ಅಲ್ಲಿಯವರೆಗೆ ಇದೆಲ್ಲ ನನಗೆ ನಗುವ ಸಂಗತಿಯಾಗಿಯೇ ಇತ್ತು. ಚುನಾವಣೆಗೆ ಮತಪೆಟ್ಟಿಗೆ ಹೊತ್ತು ಬರುವವರು ಯಾವ ಪ್ರಾಣಿಗಳ ಮತ ಒಯ್ಯುತ್ತಾರೆ ಎಂದು ಸಹೋದ್ಯೋಗಿಗಳ ಮುಂದೆ ತಮಾಷೆ ಮಾಡುತ್ತಿದ್ದೆ. ನೀರಿರುವ ತಿಂಗಳುಗಳಲ್ಲಿ ನಾವು ಕಾಲುವೆ ದಾಟುವುದು ಯಾರೋ ಹಾಕಿ ಬಿಟ್ಟುಹೋದ ಒಂದು ಕಬ್ಬಿಣದ ಪೈಪಿನ ಮೇಲೆ. ಎರಡೂ ಕಡೆ ಕಾಲು ಇಳಿಬಿಟ್ಟು, ಕುದುರೆ ಏರಿದವರ ಹಾಗೆ ಕುಳಿತು, ಸರಿಯುತ್ತ ಸರಿಯುತ್ತ ಆಚೆ ಹೋಗುತ್ತೇವೆ. ಶಾಲೆಯ ಅಲಮಾರಿನಲ್ಲಿ ಭೂಪಟಗಳ ಪಕ್ಕ ನನ್ನದೊಂದು ಒಣ ಸೀರೆ ಯಾವಾಗಲೂ ಇರುತ್ತದೆ. ಇದನ್ನೂ ನಾನು ನಗುತ್ತಲೇ ಹೇಳಿಕೊಂಡು ತಿರುಗಿದೆ. ಆ ಪೈಪಿನ ಮೇಲೆ ಹೆಣ ಸಾಗಿಸಲು ಬರುವುದಿಲ್ಲ ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ.

ದೊಡ್ಡಪ್ಪ ಅಂಬ್ರಪ್ಪ ಹೋದ ಕಾರ್ತಿಕದಲ್ಲಿ ತೀರಿಕೊಂಡ. ಕಾಲುವೆ ತುಂಬಿ ಹರಿಯುತ್ತಿದ್ದ ಕಾಲ. ನಮ್ಮ ಹಿರಿಯರನ್ನು ಮಣ್ಣು ಮಾಡುವ ಹೊಲ ಕಾಲುವೆಯ ಆಚೆ ಇದೆ. ಅಲ್ಲಿ ಆತನ ಅಪ್ಪ ಅವ್ವ, ನನ್ನ ಅವ್ವ, ಸಾಲಾಗಿ ಮಲಗಿದ್ದಾರೆ. ನೀರು ಬಿಡುವ ಕಚೇರಿಗೆ ಫೋನು ಮಾಡಿ ಅರ್ಧ ದಿನ ಗೇಟು ಇಳಿಸಿ ಎಂದು ಬೇಡಿಕೊಂಡೆ. ಊರು ಯಾವುದು ಎಂದು ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ತಡೆಯಿರಿ ಎಂದರು, ನಿಮ್ಮ ವಿವರಣೆಯನ್ನು ತೆರೆದು ನೋಡಿರಬೇಕು. ಆಮೇಲೆ ಆ ಕಡೆಯ ದನಿ ಕೇಳಿತು: “ಅಲ್ಲಿ ಜನಾನೇ ಇಲ್ಲ ಅಂತ ಅದಲ್ರಿ, ಹಂಗಾರ ಸತ್ತವರು ಯಾರು?”

ನಾನು ಭೂಗೋಳ ಕಲಿಸುವವಳು. ಎಂಥ ಪ್ರಶ್ನೆ ಕೇಳಿದರೂ ಉತ್ತರ ಹುಡುಕುವವಳು. ಅಂದು ಫೋನು ಕಿವಿಗಿಟ್ಟುಕೊಂಡೇ ಹಿಂದೆ ತಿರುಗಿ ನೋಡಿದೆ. ದೊಡ್ಡಪ್ಪ ನನ್ನ ಹಿಂದೆಯೇ ಗೋಡೆಗೆ ಒರಗಿ ಕುಳಿತಿದ್ದ, ಹಣೆಗೆ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಹಾರ. ಸತ್ತವರು ಇವರು ಎಂದು ಫೋನಿನಲ್ಲಿ ತೋರಿಸುವುದು ಹೇಗೆ?

ಈಚೆಯೇ ಮಣ್ಣು ಮಾಡೋಣ ಎಂದು ಕೆಲವರು ಗುಡ್ಡದ ಬುಡದಲ್ಲಿ ಅಗೆದರು. ಮೊಳಕಾಲುದ್ದ ಅಗೆಯುವುದರೊಳಗೆ ಕುಣಿ ತುಂಬ ನೀರು. ಬೇರೆ ಕಡೆ ಅಗೆದರು, ಅಲ್ಲೂ ನೀರು. ಗುಡ್ಡದ ಮೇಲೆ ಹೋದರೆ ಬರೀ ಬಂಡೆ. ದೊಡ್ಡವ್ವ ಬಂದು ಆ ಕೆಸರಿನ ಕುಣಿ ನೋಡಿ, ಯಾರನ್ನೂ ಬೈಯದೆ ಹೇಳಿದಳು: “ಕಾಲುವಿ ಬರ್ತದ, ನೀರು ಬರ್ತದ ಅಂತ ಹರೇದಾಗಿಂದ ಕಾದ. ಈಗ ಅವನ್ನ ನೀರಾಗ ಮಲಗಸಬ್ಯಾಡ್ರಿ.” ಕೊನೆಗೆ ಕಾಲುವೆಯ ಕಟ್ಟೆ ಹಿಡಿದು, ಮೇಲಿನ ಊರಿನ ಸೇತುವೆಯ ತನಕ ಹೊತ್ತುಕೊಂಡೇ ಹೋದೆವು. ಕಟ್ಟೆ ಸೋರಿ ಕುಸಿದಲ್ಲೆಲ್ಲ ಕೆಸರು. ಗಾಡಿ ಹೋಗುವುದಿಲ್ಲ, ಹೆಗಲು ಬದಲಿಸಲು ನಿಲ್ಲಬೇಕೆಂದರೂ ಜಾರುತ್ತದೆ. ಬೆಳಿಗ್ಗೆ ಹೊರಟವರು ಆಚೆ ಹೊಲ ಮುಟ್ಟುವಾಗ ಹೊತ್ತು ಮುಳುಗಿತ್ತು. ನಮ್ಮ ಜಗುಲಿಯಲ್ಲಿ ನಿಂತರೆ ಆ ಹೊಲದ ಬೇವಿನ ಮರ ಕಾಣುತ್ತದೆ, ಮಾನ್ಯರೇ. ಕೂಗಿದರೆ ಕೇಳಿಸುವಷ್ಟು ಹತ್ತಿರ. ಆ ದಾರಿಯುದ್ದಕ್ಕೂ ನನಗೆ ದುಃಖಕ್ಕಿಂತ ಅವಮಾನವೇ ಹೆಚ್ಚಾಗಿತ್ತು. ಅದನ್ನು ಬರೆಯಲು ನನಗೆ ಸಂಕೋಚವಿಲ್ಲ.

ಮೂರನೆಯ ದಿನ ಗೋರಿಯ ಮೇಲೆ ಎಡೆ ಇಡಬೇಕು. ಆತನಿಗೆ ಇಷ್ಟವಾದ ಸಜ್ಜೆ ರೊಟ್ಟಿ, ಪುಂಡಿಪಲ್ಯ ಮಾಡಿಕೊಂಡು ದೊಡ್ಡವ್ವ ಕಾಲುವೆ ದಂಡೆಗೆ ಬಂದಳು. ಪೈಪಿನ ಮೇಲೆ ಕೂರುವ ವಯಸ್ಸಲ್ಲ, ಕೆಸರಿನಲ್ಲಿ ಅಷ್ಟು ಸುತ್ತು ನಡೆಯುವ ಶಕ್ತಿಯೂ ಇಲ್ಲ, ಮಣ್ಣು ಮಾಡಿದ ದಿನವೂ ಮನೆಯಲ್ಲೇ ಉಳಿದಿದ್ದಳು. ಈಚೆ ದಂಡೆಯ ಮೇಲೆಯೇ ಎಡೆ ಇಟ್ಟು, ಆಚೆಯ ಬೇವಿನ ಮರದತ್ತ ಮುಖ ಮಾಡಿ ಕುಳಿತಳು. ಒಂದು ಕಾಗೆ ಆ ಮರದಿಂದ ಎದ್ದು, ನೀರಿನ ಮೇಲೆ ಹಾರಿ ಬಂದು, ರೊಟ್ಟಿ ಮುಟ್ಟಿ ತಿರುಗಿ ಹೋಯಿತು. ದೊಡ್ಡವ್ವ ನನ್ನತ್ತ ತಿರುಗಿ, “ಕಾಗಿಗಿ ಬ್ರಿಜ್ ಬೇಕಿಲ್ಲ ನೋಡವ್ವ” ಎಂದಳು. ಆಕೆ ಇನ್ನೂ ಆ ಗೋರಿಗೆ ಒಂದು ಹಿಡಿ ಮಣ್ಣು ಹಾಕಿ ಬಂದಿಲ್ಲ. ಬೇಸಿಗೆಯಲ್ಲಿ ಕಾಲುವೆ ಬತ್ತಿದ ಮೇಲೆ ಕರೆದುಕೊಂಡು ಹೋಗುತ್ತೇನೆ ಎಂದೆ. ಬೇಡವೆಂದಳು. “ಕಳ್ಳರಂಗ ಕಾಲುವಿಗಿ ಇಳಿದು ಹತ್ತಿ ನಾ ಹೋಗಂಗಿಲ್ಲ. ಅವ ನನ್ನ ಗಂಡ. ದಾರಿ ಮ್ಯಾಲ ನಡದು ಹೋಗ್ತೀನಿ.”

ಈಗ ನನ್ನ ಬೇಡಿಕೆಗೆ ಬರುತ್ತೇನೆ. ಮಳೆಕಾಡು, ಮಂಜು, ಪರ್ವತ ಎಲ್ಲ ನಿಮ್ಮ ಪುಸ್ತಕದಲ್ಲೇ ಇರಲಿ, ನಮ್ಮ ತಕರಾರಿಲ್ಲ. ಸುರಪುರದ ಮಕ್ಕಳಿಗೆ ಓದಿಕೊಳ್ಳಲು ತಂಪಾಗಿದೆ. ‘ಜನವಸತಿಯಿಲ್ಲದ’ ಎಂಬ ಒಂದು ಪದವನ್ನು ಮಾತ್ರ ಹೊಡೆದು ಹಾಕಿ. ಅದು ಹೋದರೆ ಸೇತುವೆಯ ಮಂಜೂರಾತಿ ತಾನಾಗಿ ಮರಳಿ ಬರುತ್ತದೆ ಎಂದು ನಿಮ್ಮ ಗುಮಾಸ್ತರೇ ಹೇಳಿದ್ದಾರೆ. ಈ ಸಲದ ಗೇಟು ಎತ್ತುವ ಮೊದಲು ಆ ತಿದ್ದುಪಡಿ ಲಿಖಿತವಾಗಿ ನಮ್ಮ ಕೈಗೆ ಬರಬೇಕು. ನಿಮ್ಮವರು ಇನ್ನೊಮ್ಮೆ ಬಂದು ನೋಡುವುದಾದರೆ ಯಾವ ದಿನವಾದರೂ ಬರಲಿ, ಹೊರಬೀಡಿನ ದಿನವೊಂದನ್ನು ಬಿಟ್ಟು.

ಬರುವುದಿಲ್ಲವೆಂದರೂ ಚಿಂತೆಯಿಲ್ಲ. ಈ ಆಷಾಢದ ಹೊರಬೀಡು ಎಲ್ಲಿ ಎಂಬುದನ್ನು ಊರವರು ಅಗಸಿಯ ಕಟ್ಟೆಯ ಮೇಲೆ, ನಿಮ್ಮ ಕೆಂಪು ಗುರುತಿನ ಮುಂದೆಯೇ ಕುಳಿತು ತೀರ್ಮಾನಿಸಿದ್ದಾರೆ. ಗುಡ್ಡದ ಮೇಲೆ ಹೋದರೆ ನಿಮಗೆ ಮತ್ತೆ ಮಂಜು ಕಂಡೀತು. ಹಾಗಾಗಿ ಈ ಸಲ ನಾವು ಯಾದಗಿರಿಗೆ ಬರುತ್ತೇವೆ, ನಿಮ್ಮ ಕಚೇರಿಯ ಆವರಣಕ್ಕೆ. ದನ, ಆಡು, ಬುಟ್ಟಿಯ ಕೋಳಿ, ತೊಟ್ಟಿಲ ಕೂಸು, ಒರಳು, ಕಡಾಯಿ, ಎಲ್ಲವೂ ಬರುತ್ತವೆ. ನಿಮ್ಮ ಹೂದೋಟದ ಪಕ್ಕ ಮನೆಗೊಂದು ಒಲೆ ಹೂಡುತ್ತೇವೆ. ಕಿಟಕಿಯಿಂದ ಮಂಜು ಒಳಗೆ ಬಂದರೆ ಗಾಬರಿಯಾಗಬೇಡಿ, ಹೊರಗೆ ಬಂದು ಎಣಿಸಿಕೊಳ್ಳಿ. ದೊಡ್ಡವ್ವ ನಿಮಗೂ ಹೋಳಿಗೆ ಮಾಡುತ್ತಾಳೆ. “ಸಾಹೇಬ್ರಿಗಿ ತುಪ್ಪ ನಡೀತದೇನು, ಸಕ್ಕರಿ ಬ್ಯಾನಿ ಏನರ ಅದನೋ ಕೇಳಿ ಬರಿ” ಎಂದು ಹೇಳಿದ್ದಾಳೆ. ಆದ್ದರಿಂದ ಅದನ್ನೂ ಕೇಳುತ್ತಿದ್ದೇನೆ.

ಇನ್ನೊಂದು ಮಾತಿದೆ. ಹೊತ್ತು ಮುಳುಗಿದ ಮೇಲೆ ಹಿರಿಯರ ಅಪ್ಪಣೆಯಾಗದೆ ಒಬ್ಬರೂ ತಿರುಗುವಂತಿಲ್ಲ ಎಂದು ಮೇಲೆ ಬರೆದೆನಲ್ಲ, ಆ ಅಪ್ಪಣೆಯನ್ನು ಈ ಸಲ ತಾನು ಕೊಡುವುದಿಲ್ಲ ಎಂದು ಮರಿಲಿಂಗಪ್ಪ ಕಾಕಾ ಹೇಳಿಬಿಟ್ಟಿದ್ದಾನೆ. “ಸಾಹೇಬ್ರ ಅಂಗಳದಾಗ ಕುಂತಮ್ಯಾಲ ಹುಕುಂ ಸಾಹೇಬ್ರದೇ. ಅವರು ಬಾಯಿ ಬಿಟ್ಟು ಹೇಳೋತನಕ ನಾವು ಏಳಂಗಿಲ್ಲ” ಎಂಬುದು ಆತನ ಮಾತು. ಆದ್ದರಿಂದ ಮಾನ್ಯರೇ, ಅಂದು ಸಂಜೆ ಕಚೇರಿಗೆ ಬೀಗ ಹಾಕಿ ಹೊರಡುವಾಗ ನೀವೇ ನಮ್ಮ ಮುಂದೆ ನಿಂತು ಹೇಳಬೇಕಾಗುತ್ತದೆ, ಏಳಿ, ನಿಮ್ಮ ನಿಮ್ಮ ಊರಿಗೆ ಹೋಗಿ ಎಂದು. ನೀವು ಅಷ್ಟು ಹೇಳಿದರೆ ಸಾಕು. ಯಾವ ಊರಿಗೆ ಎಂದು ದೊಡ್ಡವ್ವ ಕೇಳುತ್ತಾಳೆ. ಉತ್ತರವನ್ನು ಬರೆದುಕೊಳ್ಳಲು ನಾನು ಪಕ್ಕದಲ್ಲೇ ಇರುತ್ತೇನೆ.

ಇಂತಿ, ನಿಮ್ಮ ಮಂಜಿನ ಕೆಳಗೆ, ಪುರಾತನ ಅವಶೇಷವೊಂದರ ಜಗುಲಿಯ ಮೇಲೆ ಕುಳಿತು ಬರೆದ,
ನಿಮ್ಮ ಲೆಕ್ಕದಲ್ಲಿ ಇಲ್ಲದ
ಮೌನಮ್ಮ
ಭೂಗೋಳ ಶಿಕ್ಷಕಿ, ಗವಿದೊಡ್ಡಿ